ದಡಕ್ಕೆ ಮರಳು, ಬಂಡೆಗೆ ಮುಸುಕು: ಬ್ರೆವಾರ್ಡ್ ಮಿಡ್-ರೀಚ್ ಯೋಜನೆ ಮತ್ತು ಎಳೆಯ ಹಸಿರು ಕಡಲಾಮೆಗಳು

ಫ್ಲಾರಿಡಾದ ಪೂರ್ವ ಕರಾವಳಿಯ ಸ್ಯಾಟಲೈಟ್ ಬೀಚ್‌ನಲ್ಲಿ ನೀರು ಇಳಿದಾಗ ತೆರೆಯಂಚಿನಲ್ಲಿ ಕಂದು ಬಂಡೆಗಳು ತಲೆ ಎತ್ತುತ್ತವೆ. ಚಿಪ್ಪಿನ ಚೂರುಗಳು ಸಾವಿರಾರು ವರ್ಷಗಳಲ್ಲಿ ಬೆಸೆದುಕೊಂಡು ಕಲ್ಲಾದ ಕೊಕೀನಾ ಅದು. ಮೇಲೆ ಜೇನುಹುಟ್ಟಿನಂತೆ ತೂತುತೂತಾದ ಹೊದಿಕೆ. ಮರಳಿನ ಕಣಗಳನ್ನು ಅಂಟಿಸಿ ಕೊಳವೆ ಕಟ್ಟಿಕೊಳ್ಳುವ ಹುಳುಗಳ ಕಾಲೊನಿ ಅದು. ಹುಳುಗೂಡಿನ ನಡುವೆ, ಬಂಡೆಯ ಅಂಚಿನಲ್ಲಿ ಕೆಂಪು ಪಾಚಿ. ಆ ಪಾಚಿ ಮೇಯಲು ನೀರು ಏರಿದಾಗ ಊಟದ ತಟ್ಟೆಯಷ್ಟಗಲದ ಆಮೆಗಳು ಬರುತ್ತವೆ. ತಲೆ ಮೇಲೆತ್ತಿ ಒಂದು ಉಸಿರು ಎಳೆದು ಮತ್ತೆ ನೊರೆಯೊಳಗೆ ಮರೆಯಾಗುತ್ತವೆ.

ಬ್ರೆವಾರ್ಡ್ ಕೌಂಟಿಯ ಈ ತೀರಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಮಿಡ್-ರೀಚ್. ಪ್ಯಾಟ್ರಿಕ್ ಬಾಹ್ಯಾಕಾಶ ಪಡೆ ನೆಲೆಯ (2020ರ ತನಕ ವಾಯುನೆಲೆ) ದಕ್ಷಿಣ ತುದಿಯಿಂದ ಇಂಡಿಯಾಲಾಂಟಿಕ್ ತನಕ ಸುಮಾರು 12.5 ಕಿ.ಮೀ. ಇದರ ಉತ್ತರಕ್ಕೂ ದಕ್ಷಿಣಕ್ಕೂ ಇರುವ ತೀರಗಳಿಗೆ 2000ದ ಆಸುಪಾಸಿನಲ್ಲೇ ಮರಳು ತುಂಬಿಸಿಯಾಗಿತ್ತು. ನಡುವಿನ ಈ ತುಂಡನ್ನು ಮಾತ್ರ ಕೈಬಿಟ್ಟಿದ್ದರು. ಕಾರಣ ಈ ಬಂಡೆಗಳೇ. ಅಧ್ಯಯನ, ವಿನ್ಯಾಸ, ಅನುಮತಿ, ಬದಲಿ ಬಂಡೆ ಎಲ್ಲ ಮುಗಿದು ಇಲ್ಲಿ ಮರಳು ಬಿದ್ದದ್ದು 2019–20ರ ಚಳಿಗಾಲದಲ್ಲಿ. ಇಷ್ಟು ಕಾಲ ಏಕೆ ಹಿಡಿಯಿತು, ಕಡೆಗೆ ಆರಿಸಿದ ವಿಧಾನದಲ್ಲಿ ಯಾವುದು ಸರಿ, ಯಾವುದು ಇನ್ನೂ ಬಾಕಿ ಎಂಬುದು ಈ ಪ್ರಕರಣದ ತಿರುಳು.

ಬಂಡೆ ಯಾರ ಮನೆ

ಹಸಿರು ಕಡಲಾಮೆಯ ಬದುಕಿನಲ್ಲಿ ಜನ ನೋಡುವುದು ಎರಡೇ ದೃಶ್ಯ: ಮೊಟ್ಟೆಯಿಡಲು ದಡಕ್ಕೆ ಬರುವ ತಾಯಿ ಮತ್ತು ಗೂಡಿನಿಂದ ಎದ್ದು ಕಡಲಿಗೆ ಓಡುವ ಮರಿ. ಮರಿ ನೀರಿಗೆ ಬಿದ್ದ ಮೇಲೆ ಸುಮಾರು ಒಂದು ದಿನ ನಿಲ್ಲದೆ ಈಜಿ ಆಳ ಕಡಲು ಸೇರುತ್ತದೆ. ಅಲ್ಲಿ ತೇಲುವ ಸರ್ಗಾಸಮ್ ಪಾಚಿಯ ರಾಶಿಗಳಲ್ಲಿ ಕೆಲವು ವರ್ಷ ಕಳೆಯುತ್ತದೆ. ಚಿಪ್ಪಿನ ಉದ್ದ 25ರಿಂದ 35 ಸೆಂ.ಮೀ. ಆಗುವ ಹೊತ್ತಿಗೆ ಮರಳಿ ಕರಾವಳಿಗೆ ಬರುತ್ತದೆ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಇರುವುದು ಇಂಥ ತೀರದ ಬಂಡೆಗಳಲ್ಲಿ, ಹಿನ್ನೀರಿನಲ್ಲಿ, ಕಡಲಹುಲ್ಲಿನ ಬಯಲಿನಲ್ಲಿ. ಆವರೆಗೆ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದ ಪ್ರಾಣಿ ಇಲ್ಲಿಗೆ ಬಂದ ಮೇಲೆ ಬಹುಮಟ್ಟಿಗೆ ಸಸ್ಯಾಹಾರಿ.

ಬ್ರೆವಾರ್ಡ್‌ನ ಬಂಡೆಗಳಲ್ಲಿ ಇವು ಮೇಯುವುದು ಮುಖ್ಯವಾಗಿ ಕೆಂಪು ಪಾಚಿಗಳನ್ನು: ಬ್ರಯೋಥ್ಯಾಮ್ನಿಯನ್, ಜೆಲಿಡಿಯಮ್, ಹಿಪ್ನಿಯಾ, ಗ್ರಾಸಿಲೇರಿಯಾ. ಹಗಲು ಮೇವು, ರಾತ್ರಿ ಬಂಡೆಯ ಚಾಚಿನ ಕೆಳಗೆ ಸೇರಿಕೊಂಡು ವಿಶ್ರಾಂತಿ. ಅಂದರೆ ಒಂದೇ ಬಂಡೆ ಅಡುಗೆಮನೆಯೂ ಹೌದು, ಮಲಗುವ ಕೋಣೆಯೂ ಹೌದು. ಇದೇ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕಿರುವ ಪಾಮ್ ಬೀಚ್‌ನಲ್ಲಿ ಆರು ಎಳೆ ಆಮೆಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ಒಂದೊಂದರ ಓಡಾಟದ ವಲಯ 0.69ರಿಂದ 5.05 ಚ.ಕಿ.ಮೀ. ಎಂದು ಕಂಡುಬಂತು. ಕಡಲಿನ ಲೆಕ್ಕದಲ್ಲಿ ಇದು ಒಂದು ಕೇರಿ. ಇಂಥ ಆಮೆಯ ಬಂಡೆ ಮುಚ್ಚಿಹೋದರೆ ಅದು ಪಕ್ಕದ ಊರಿಗೆ ಹೋಗಿ ಹಾಯಾಗಿರುತ್ತದೆ ಎಂದು ಊಹಿಸುವುದು ಸುಲಭ; ಪಕ್ಕದ ಬಂಡೆಯಲ್ಲೂ ಆಗಲೇ ಮೇಯುವವರಿದ್ದಾರೆ.

ಇನ್ನೊಂದು ವಿಷಯ. ಫ್ಲಾರಿಡಾ ತೀರದ ಎಳೆ ಹಸಿರು ಆಮೆಗಳೆಲ್ಲ ಅಲ್ಲೇ ಹುಟ್ಟಿದವಲ್ಲ. ವಂಶವಾಹಿ ಪರೀಕ್ಷೆಯಲ್ಲಿ ಕೋಸ್ಟರಿಕಾ, ಮೆಕ್ಸಿಕೊ ಮೂಲದವೂ ಸಿಗುತ್ತವೆ. ಇಲ್ಲಿ ಕಳೆದುಹೋದ ಮೇವಿನ ಲೆಕ್ಕ ಬೇರೆ ದೇಶದ ದಡದಲ್ಲಿ, ಹತ್ತಿಪ್ಪತ್ತು ವರ್ಷದ ನಂತರ ಕಾಣಿಸಬಹುದು.

ಮರಳು ಬೇಕಾಗಿ ಬಂದದ್ದು ಹೇಗೆ, ತಂದದ್ದು ಹೇಗೆ

ಈ ಕರಾವಳಿಯಲ್ಲಿ ಮರಳು ಉತ್ತರದಿಂದ ದಕ್ಷಿಣಕ್ಕೆ ಸರಿಯುತ್ತದೆ. 1950ರ ದಶಕದಲ್ಲಿ ಕೆನಾವರಲ್ ಬಂದರಿಗೆ ಅಳಿವೆ ಕಡಿದು ಕಲ್ಲಿನ ದಕ್ಕೆ ಕಟ್ಟಿದಾಗ ಆ ಹರಿವಿಗೆ ತಡೆ ಬಿತ್ತು, ದಕ್ಷಿಣದ ತೀರ ಹಸಿಯತೊಡಗಿತು. 2004ರಲ್ಲಿ ಫ್ರಾನ್ಸಿಸ್, ಜೀನ್ ಚಂಡಮಾರುತಗಳು ಮೂರು ವಾರದ ಅಂತರದಲ್ಲಿ ಬಡಿದು ಮರಳುದಿಬ್ಬಗಳನ್ನೇ ಕತ್ತರಿಸಿದವು. ಕಡಲ್ಕೊರೆತ ನೋಡಿದವರಿಗೆ ಮುಂದಿನ ಕತೆ ಗೊತ್ತು: ಮನೆಯವರು ತಡೆಗೋಡೆ ಕೇಳುತ್ತಾರೆ, ತಡೆಗೋಡೆ ಬಂದರೆ ದಡ ಇನ್ನಷ್ಟು ಕರಗುತ್ತದೆ, ಮೊಟ್ಟೆಯಿಡುವ ಆಮೆಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಮರಳು ತುಂಬಿಸುವುದನ್ನು ಸಾರಾಸಗಟಾಗಿ ಬೇಡ ಎನ್ನಲು ಆಮೆಯ ಪಕ್ಷದವರಿಗೂ ಆಗುವುದಿಲ್ಲ.

ಯೋಜನೆಯ ಮೊದಲ ಸುತ್ತಿಗೆ ನಿಗದಿಯಾದದ್ದು 5,73,000 ಘನ ಗಜ, ಅಂದರೆ ಸುಮಾರು 4.38 ಲಕ್ಷ ಘನ ಮೀಟರ್ ಮರಳು. ಉದ್ದಕ್ಕೆ ಹಂಚಿದರೆ ದಡದ ಒಂದು ಮೀಟರಿಗೆ ಸುಮಾರು 35 ಘನ ಮೀಟರ್. ದೊಡ್ಡ ಯೋಜನೆಗಳ ಎದುರು ಇದು ಕಡಿಮೆ. ನೀರಂಚು ಮುಂದೆ ಸರಿಯುವುದು 10ರಿಂದ 20 ಅಡಿ, ಜೊತೆಗೆ ಮುಂದಿನ ಸುತ್ತಿನ ತನಕ ಸವೆಯಲೆಂದು ಹಾಕುವ ಹೆಚ್ಚುವರಿ ಮರಳು. ಮರುಭರ್ತಿ ಸುಮಾರು ಮೂರು ವರ್ಷಕ್ಕೊಮ್ಮೆ. ಹೀಗೆ ಕಡಿಮೆ ಹಾಕಿ, ಆಗಾಗ ಹಾಕುವ ಲೆಕ್ಕ ಹಿಡಿದದ್ದೇ ಬಂಡೆ ಉಳಿಸಲು.

ತಂದ ಬಗೆಯೂ ಬೇರೆ. ಸಾಮಾನ್ಯವಾಗಿ ಡ್ರೆಜ್ಜರ್ ಹಡಗು ಕಡಲತಳದ ಮರಳನ್ನು ನೀರಿನ ಸಮೇತ ಹೀರಿ, ಪೈಪಿನಲ್ಲಿ ನೇರ ದಡಕ್ಕೆ ಕಕ್ಕುತ್ತದೆ. ಆ ರಾಡಿನೀರು ದಡದಿಂದ ಜಾರಿ ತೆರೆಗೆ, ತೆರೆಯಿಂದ ಬಂಡೆಗೆ. ಇಲ್ಲಿ ಹಾಗೆ ಮಾಡಲಿಲ್ಲ. ಕಡಲಡಿಯ ಕೆನಾವರಲ್ ಮರಳುದಿಣ್ಣೆಗಳ ಮರಳನ್ನು ಬಂದರಿನ ಬಳಿಯ ಪೊಸೈಡನ್ ಎಂಬ ಸಂಗ್ರಹದ ಅಂಗಳಕ್ಕೆ ಹಾಯಿಸಿ, ಅಲ್ಲಿ ನೀರು ಬಸಿದ ಮೇಲೆ ಟಿಪ್ಪರುಗಳಲ್ಲಿ ತಂದು ಸುರಿಯುವ ವ್ಯವಸ್ಥೆ. ನೀರು ಬಸಿಯುವಾಗ ನಯವಾದ ಹೂಳಿನ ಒಂದಷ್ಟು ಪಾಲು ಅಂಗಳದಲ್ಲೇ ಹರಿದುಹೋಗುತ್ತದೆ. ಟಿಪ್ಪರಿಗೆ 14 ಘನ ಮೀಟರ್ ಎಂದು ಹಿಡಿದರೆ ಸುಮಾರು 31 ಸಾವಿರ ಲೋಡು. ರಸ್ತೆಬದಿಯ ನಿವಾಸಿಗಳಿಗೆ ದೂಳು, ಗದ್ದಲ. ಬಂಡೆಯ ನಿವಾಸಿಗಳಿಗೆ ಲಾಭ.

ಮರಳು ಬಂಡೆಯನ್ನು ಮುಟ್ಟುವುದು ಯಾವಾಗ

ದಡದ ಮೇಲೆ ಸುರಿದ ಮರಳು ಸುರಿದಲ್ಲೇ ನಿಲ್ಲುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಅಲೆಗಳು ಅದನ್ನು ತಮಗೆ ಒಗ್ಗುವ ಇಳಿಜಾರಿಗೆ ತಿದ್ದಿಕೊಳ್ಳುತ್ತವೆ. ತಿದ್ದಿದ ಇಳಿಜಾರಿನ ಕಡಲಕಡೆಯ ತುದಿ, ಅಂದರೆ ಅಂತಿಮ ಪಾದ, ಎಲ್ಲಿ ಬೀಳುತ್ತದೆ ಎಂಬ ಗೆರೆಯೇ ಇಡೀ ಯೋಜನೆಯ ಹಣೆಬರಹ. ಗೆರೆಯ ಒಳಗಿನ ಬಂಡೆ ಹೂತಂತೆ, ಹೊರಗಿನದು ಉಳಿದಂತೆ ಎಂದು ಲೆಕ್ಕ. ಮಿಡ್-ರೀಚ್‌ನಲ್ಲಿ ಹೂಳುವ ಬಂಡೆ 3 ಎಕರೆ ಎಂದು ಅಂದಾಜಿಸಿದ್ದು ಹೀಗೆ.

ಗೆರೆ ಎಳೆಯುವಾಗ ತಪ್ಪುವುದು ಹೆಚ್ಚಾಗಿ ಮರಳಿನ ಕಣದ ಗಾತ್ರದಲ್ಲಿ. ಕರಾವಳಿ ಎಂಜಿನಿಯರಿಂಗಿನಲ್ಲಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ ನೀರಿನ ಆಳ ದಡದಿಂದಿರುವ ದೂರದ ಮೂರನೇ-ಎರಡು ಘಾತಕ್ಕೆ ಅನುಗುಣ. ಗುಣಾಂಕ ಕಣದ ಗಾತ್ರವನ್ನು ಅವಲಂಬಿಸಿದೆ. 0.3 ಮಿ.ಮೀ. ಕಣಕ್ಕೆ ಅದು 0.125, 0.2 ಮಿ.ಮೀ. ಕಣಕ್ಕೆ 0.1. ಲೆಕ್ಕ ಹಾಕಿ ನೋಡಿ: 2 ಮೀಟರ್ ಆಳ ಮುಟ್ಟಲು 0.3 ಮಿ.ಮೀ. ಮರಳು 64 ಮೀಟರ್ ಚಾಚಿದರೆ, 0.2 ಮಿ.ಮೀ. ಮರಳು 89 ಮೀಟರ್ ಚಾಚುತ್ತದೆ. 4 ಮೀಟರ್ ಆಳಕ್ಕೆ ಹೋದರೆ 181ರ ಎದುರು 253. ಬೆರಳಲ್ಲಿ ಉಜ್ಜಿದರೂ ಗೊತ್ತಾಗದ ಹತ್ತನೇ ಒಂದು ಮಿಲಿಮೀಟರ್ ವ್ಯತ್ಯಾಸ ಬಂಡೆಯ ಮೇಲೆ 25 ಮೀಟರ್ ಅಗಲದ ಮುಸುಕು ಎಳೆಯಬಲ್ಲದು. ಮರಳಿನ ಗಣಿಯಲ್ಲಿ ಮೇಲ್ಪದರ ಒರಟು, ಎರಡು ಮೀಟರ್ ಕೆಳಗೆ ನಯ ಎಂಬುದು ಸಾಮಾನ್ಯ. ಹಾಗಾಗಿ ಸರಾಸರಿ ಗಾತ್ರ ಮಾತ್ರ ಬರೆದುಕೊಟ್ಟ ವರದಿ ಸಾಲದು. ಪದರವಾರು ಮಾದರಿ ಬೇಕು, ಅಂಗಳದಿಂದ ಹೊರಡುವ ಲೋಡುಗಳಿಂದಲೂ ನಿಯಮಿತವಾಗಿ ಜರಡಿ ಪರೀಕ್ಷೆ ಬೇಕು.

ಎರಡನೆಯ ತೊಡಕು, ಈ ಬಂಡೆಗಳು ತಾವೇ ಕಣ್ಣಾಮುಚ್ಚಾಲೆ ಆಡುತ್ತವೆ. ಒಂದು ಬಿರುಗಾಳಿಗೆ ತೆರೆದುಕೊಂಡದ್ದು ಮುಂದಿನ ಬೇಸಿಗೆಯ ಶಾಂತ ಅಲೆಗೆ ಮತ್ತೆ ಮರಳಡಿ. ಹುಳುಗಳು ಎರಡು–ಮೂರು ದಿನದ ಹೂಳನ್ನು ತಡೆದುಕೊಳ್ಳಬಲ್ಲವು, ವಾರಗಟ್ಟಲೆ ಅಲ್ಲ. ಪಾಚಿಗೂ ಬೆಳಕು ಬೇಕು. ಒಂದೇ ವರ್ಷದ ವೈಮಾನಿಕ ಚಿತ್ರ ಹಿಡಿದು ‘ಇಷ್ಟು ಎಕರೆ ಬಂಡೆ’ ಎಂದರೆ ಅದು ಆ ದಿನದ ಸತ್ಯ. ಆಮೆಗಳಿಗೆ ಬೆಲೆಯುಳ್ಳದ್ದು ವರ್ಷದ ಹೆಚ್ಚು ತಿಂಗಳು ತೆರೆದೇ ಇರುವ ಬಂಡೆ. ಹಲವು ವರ್ಷಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಯಾವ ಬಂಡೆ ಎಷ್ಟು ಬಾರಿ ಕಂಡಿತು ಎಂದು ಗುರುತಿಸಿದರೆ ಮಾತ್ರ ಆ ತುಂಡುಗಳು ಸಿಗುತ್ತವೆ. ಹೂಳುವ ಮೂರು ಎಕರೆ ಅಪರೂಪಕ್ಕೆ ತೆರೆಯುವುದೋ, ಸದಾ ಪಾಚಿ ಹೊತ್ತಿರುವುದೋ ಎಂಬುದರ ಮೇಲೆ ನಷ್ಟದ ತೂಕವೇ ಬದಲಾಗುತ್ತದೆ.

ಹೂಳದಿದ್ದರೂ ರಾಡಿ ಕಾಡುತ್ತದೆ. 0.2 ಮಿ.ಮೀ. ಮರಳಿನ ಕಣ ಎರಡು ಮೀಟರ್ ನೀರನ್ನು ಎರಡು ನಿಮಿಷದೊಳಗೆ ಇಳಿದು ತಳ ಸೇರುತ್ತದೆ. 0.02 ಮಿ.ಮೀ. ಹೂಳಿನ ಕಣಕ್ಕೆ ನಿಂತ ನೀರಿನಲ್ಲೇ ಒಂದೂವರೆ ಗಂಟೆ ಬೇಕು. ತೆರೆ ಹೊಡೆಯುವ ಕಡೆ ಅದು ಕೂರುವುದೇ ಇಲ್ಲ, ಅಲೆ ಎದ್ದಾಗಲೆಲ್ಲ ಮತ್ತೆ ಏಳುತ್ತದೆ. ಫ್ಲಾರಿಡಾದ ನಿಯಮದಂತೆ ತೀರಕ್ಕೆ ಹಾಕುವ ಮರಳಿನಲ್ಲಿ 230ನೇ ನಂಬರಿನ ಜರಡಿ, ಅಂದರೆ 0.063 ಮಿ.ಮೀ., ಹಾಯುವ ಹೂಳು ತೂಕದಲ್ಲಿ ಶೇ. 5ರ ಒಳಗಿರಬೇಕು. ಕೆಲಸ ನಡೆಯುವಾಗ ನೀರಿನ ಕಲಕು ಸಹಜ ಮಟ್ಟಕ್ಕಿಂತ 29 ಎನ್‌ಟಿಯು (ಕಲಕನ್ನು ಅಳೆಯುವ ಮಾನ) ಮೀರಿದರೆ ಕೆಲಸ ನಿಲ್ಲಿಸಬೇಕು. ಎರಡೂ ಒಳ್ಳೆಯ ನಿಯಮಗಳೇ. ಆದರೆ ಕಲಕನ್ನು ಅಳೆಯುವುದು ಕೆಲಸ ನಡೆಯುವ ದಿನಗಳಲ್ಲಿ. ಹೂಳು ಮತ್ತೆ ಮತ್ತೆ ಏಳುವುದು ಟಿಪ್ಪರುಗಳು ಹೋದ ಮೇಲಿನ ಬಿರುಗಾಳಿಗಳಲ್ಲಿ.

ಡ್ರೆಜ್ಜರ್ ಮಾಯವಾಗಲಿಲ್ಲ

ಟಿಪ್ಪರ್ ಎಂದೊಡನೆ ಹಡಗಿನ ಅಪಾಯ ತಪ್ಪಿತು ಎಂದು ತಿಳಿಯಬಾರದು. ಅಂಗಳ ತುಂಬಿಸಲು ಹಡಗು ಬೇಕೇ ಬೇಕು, ಅದೂ ಕೆನಾವರಲ್ ನೀರಿನಲ್ಲಿ. 1980ರಲ್ಲಿ ಅಲ್ಲಿನ ಹಡಗುಕಾಲುವೆಯ ಹೂಳೆತ್ತುವಾಗ 71 ಆಮೆಗಳು ಹೀರುಬಾಯಿಗೆ ಸಿಕ್ಕಿ ಸತ್ತದ್ದು ದಾಖಲಾಯಿತು. ಈ ಸಮಸ್ಯೆ ಎಲ್ಲರ ಕಣ್ಣಿಗೆ ಬಿದ್ದದ್ದೇ ಆಗ. ಚಳಿಯಲ್ಲಿ ಲಾಗರ್‌ಹೆಡ್ ಆಮೆಗಳು ಆ ಕಾಲುವೆಯ ಕೆಸರಿನಲ್ಲಿ ಹೂತುಕೊಂಡು ಮಲಗುತ್ತವೆ ಎಂಬುದೂ ಸುಮಾರು ಅದೇ ಕಾಲದಲ್ಲಿ ಗೊತ್ತಾಯಿತು. ಮಲಗಿದ ಆಮೆ ಹಡಗಿನ ಸದ್ದಿಗೆ ಓಡುವುದಿಲ್ಲ.

ಪರಿಹಾರವಾಗಿ ಬಂದದ್ದು ಹೀರುಬಾಯಿಯ ಮುಂದೆ ಕಟ್ಟುವ ನೇಗಿಲಿನಾಕಾರದ ಉಕ್ಕಿನ ತಡೆ. ಅದು ತಳದಲ್ಲಿ ಕನಿಷ್ಠ 15 ಸೆಂ.ಮೀ. ಆಳಕ್ಕೆ ಉತ್ತು, ಮುಂದೆ ಮರಳಿನ ಏರು ಎಬ್ಬಿಸುತ್ತಾ ಆಮೆಯನ್ನು ಪಕ್ಕಕ್ಕೆ ತಳ್ಳಬೇಕು. ಬಾಯಿ ತಳದಲ್ಲಿ ಒರಗಿರುವಾಗ ಮಾತ್ರ ಪಂಪು ಓಡಬೇಕು. ಎತ್ತುವಾಗ, ತಿರುಗುವಾಗ ನಿಲ್ಲಿಸಬೇಕು. ಒಳಬರುವ ನೀರಿಗೆ ನಾಲ್ಕಂಗುಲ ಕಣ್ಣಿನ ಜಾಲರಿ, ಅದರ ಬಳಿ ವೀಕ್ಷಕ. ತಪ್ಪುವುದು ತಳ ಏರುತಗ್ಗಾಗಿದ್ದಾಗ: ಉಕ್ಕಿನ ತಡೆ ದಿಣ್ಣೆಯಿಂದ ದಿಣ್ಣೆಗೆ ಸೇತುವೆ ಹಾಕಿದಂತೆ ನಿಲ್ಲುತ್ತದೆ, ಅಡಿಯ ಸಂದಿಯಲ್ಲಿ ಆಮೆ ನುಸುಳುತ್ತದೆ. ಕೆಲಸಗಾರರು ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಉತ್ತರೆ ಇಂಥ ತಗ್ಗುಗಳು ತಾವೇ ಹುಟ್ಟುತ್ತವೆ. ಆಮೆ ಹೆಚ್ಚಿರುವ ಕಡೆ ಹಡಗಿನ ಮುಂದೆ ಬಲೆ ದೋಣಿ ಓಡಿಸಿ ಹಿಡಿದು ಬೇರೆಡೆ ಬಿಡುವುದೂ ಉಂಟು. ಒಂದು ಎಳೆತ 42 ನಿಮಿಷ ಮೀರಬಾರದು, ವೇಗ 3.5 ನಾಟ್ ದಾಟಬಾರದು, ಮೀರಿದರೆ ಕಾಪಾಡಬೇಕಾದ ಬಲೆಯೇ ಆಮೆಯನ್ನು ಮುಳುಗಿಸುತ್ತದೆ.

ಬದಲಿ ಬಂಡೆ

ಹೂಳುವ 3 ಎಕರೆಗೆ ಬದಲಾಗಿ 4.8 ಎಕರೆ ಕೃತಕ ಬಂಡೆ ಹಾಸಬೇಕೆಂದು ತೀರ್ಮಾನವಾಯಿತು. ಹೆಚ್ಚುವರಿ 1.8 ಎಕರೆ ಧಾರಾಳತನವಲ್ಲ. ಹೊಸ ಬಂಡೆ ಜೀವ ಹಿಡಿಯಲು ತಗಲುವ ಕಾಲ, ಹಿಡಿಯದೇ ಹೋಗುವ ಅಪಾಯ ಎರಡನ್ನೂ ಸೇರಿಸಿ ಗುಣಿಸುವುದು ಅಲ್ಲಿನ ಪದ್ಧತಿ. ಮರಳು ಸುರಿಯುವ ಮೊದಲೇ ಇದು ನೀರಿಗಿಳಿಯಿತು. ಈ ಕ್ರಮ ಸರಿ. ಮನೆ ಕೆಡವಿದ ಮೇಲೆ ಮನೆ ಕಟ್ಟಿಕೊಡುವ ಯೋಜನೆಗಳೇ ಹೆಚ್ಚು.

ಹಾಸಿದ್ದು ಒರಟು ಕಲ್ಲುಗಳ ಗುಡ್ಡೆಯಲ್ಲ. ಕಾಂಕ್ರೀಟ್ ಬ್ಲಾಕುಗಳನ್ನು ಹಗ್ಗದಿಂದ ಪೋಣಿಸಿ ಚಾಪೆಯಂತೆ ಮಾಡಿ, ಮೇಲ್ಮುಖಕ್ಕೆ ಕೊಕೀನಾ ಕಲ್ಲು ಕೂರಿಸಿದ ಹಾಸುಗಳು. ಬಿಡಿ ಬಂಡೆ ಮರಳಿನಲ್ಲಿ ಒಂದೊಂದಾಗಿ ಹೂತುಹೋಗುತ್ತದೆ, ಬಿರುಗಾಳಿಗೆ ಉರುಳುತ್ತದೆ. ಚಾಪೆ ತಳದ ಏರುತಗ್ಗಿಗೆ ಬಗ್ಗಿ ಕೂರುತ್ತದೆ. ಸಹಜ ಬಂಡೆಯಂತೆ ತಗ್ಗಾಗಿಯೂ ಇರುತ್ತದೆ. ಹಾಸುವ ಕೆಲಸ ಕಡಲು ಶಾಂತವಾಗಿರುವ ಬೇಸಿಗೆಯಲ್ಲಿ, ಬಾರ್ಜಿನ ಕ್ರೇನಿನಿಂದ.

ತಕರಾರಿರುವುದು ಜಾಗದ ಬಗ್ಗೆ. ಇವು ಕೂತಿರುವುದು ದಡದಿಂದ ಸುಮಾರು 300 ಮೀಟರ್ ಆಚೆ, ಸುಮಾರು 15 ಅಡಿ ನೀರಿನಲ್ಲಿ. ಹೂಳುವ ಬಂಡೆ ಇರುವುದು ತೆರೆ ಮುರಿಯುವ ಕಡೆ, ಇಳಿತದಲ್ಲಿ ಕಾಲು ನೆನೆಯದೆ ನಡೆಯಬಹುದಾದ ಕಡೆ. ಅಷ್ಟು ತೀರದಲ್ಲಿ ಬಾರ್ಜು ನಿಲ್ಲುವುದಿಲ್ಲ, ಹಾಸಿದ್ದನ್ನೂ ಹಾಕಿದ ಮರಳೇ ಮುಚ್ಚುತ್ತದೆ. ಎಂಜಿನಿಯರುಗಳ ಈ ಎರಡು ಕಾರಣಗಳೂ ನಿಜ. ಆದರೆ ಕೊಳವೆ ಕಟ್ಟುವ ಹುಳುವಿಗೆ ಮರಳನ್ನು ಸದಾ ಎತ್ತಿ ಆಡಿಸುವ ತೆರೆ ಬೇಕು. ನೊರೆ ಹೊಡೆಯುವ ಕಡೆ ಬೆಳೆಯುವ ಕೆಂಪು ಪಾಚಿಯ ಗುಂಪು ಬೇರೆ, ನಾಲ್ಕೂವರೆ ಮೀಟರ್ ಆಳದ್ದು ಬೇರೆ. ಕೈಯಳತೆಯ ಎಳೆ ಆಮೆ ಆಳವಿಲ್ಲದ ನೀರಿಗೆ ಬರುವುದು ಮೇವಿಗಾಗಿ ಮಾತ್ರವೇ ಎಂದೇನಲ್ಲ. ದೊಡ್ಡ ಶಾರ್ಕ್ ಅಲ್ಲಿ ಸಲೀಸಾಗಿ ತಿರುಗಲಾರದು. ಎಕರೆಗೆ ಎಕರೆ ಕೊಟ್ಟರೂ ಆಳಕ್ಕೆ ಆಳ ಕೊಟ್ಟಂತಾಗಲಿಲ್ಲ. ಈ ಯೋಜನೆಯ ನಿಜವಾದ ದುರ್ಬಲ ಕೊಂಡಿ ಇದೇ ಎಂಬುದು ನಮ್ಮ ತೀರ್ಮಾನ. ಇನ್ನೊಂದು ಮಾತು: ಬಂಡೆ ಇದ್ದಲ್ಲಿ ಬೇಟೆಮೀನು ಸೇರುತ್ತದೆ. ಗೂಡಿನಿಂದ ಹೊರಟ ಮರಿಗಳ ದಾರಿಗೆ ಅಡ್ಡಲಾಗಿ ಹೊಸ ಬಂಡೆ ಹಾಕುವಾಗ ಅತಿ ಹೆಚ್ಚು ಗೂಡುಗಳಿರುವ ದಡದ ನೇರ ಎದುರು ತಪ್ಪಿಸುವುದು ವಾಸಿ.

ಕಾಲಮಿತಿ ಯಾರಿಗೆ

ಬ್ರೆವಾರ್ಡ್ ದಡದಲ್ಲಿ ಮರಳು ಹಾಕಲು ಬಿಡುವುದು ಸ್ಥೂಲವಾಗಿ ನವೆಂಬರಿನಿಂದ ಏಪ್ರಿಲ್ ತನಕ. ಮಾರ್ಚಿನಿಂದಲೇ ದಿನಾ ಬೆಳಗ್ಗೆ ಗೂಡು ಹುಡುಕುವ ತಂಡ ನಡೆಯಬೇಕು. ಹಾಕಿದ ಮರಳು ಗಟ್ಟಿಯಾಗಿದ್ದರೆ ಉಳುಮೆ, 18 ಅಂಗುಲಕ್ಕಿಂತ ಎತ್ತರ, 100 ಅಡಿಗಿಂತ ಉದ್ದದ ಕಡಿದಂಚು ಬಿದ್ದರೆ ಸಮತಟ್ಟು. ಇವೆಲ್ಲ ಗೂಡಿನ ರಕ್ಷಣೆಗೆ, ಮತ್ತು ಚೆನ್ನಾಗಿ ಕೆಲಸ ಮಾಡಿವೆ. 2023ರಲ್ಲಿ ಫ್ಲಾರಿಡಾದಲ್ಲಿ ಎಣಿಸಿದ ಹಸಿರು ಆಮೆಯ ಗೂಡುಗಳು 76 ಸಾವಿರಕ್ಕೂ ಹೆಚ್ಚು.

ಆದರೆ ಎಳೆ ಆಮೆ ಬಂಡೆಯಲ್ಲಿ ಹನ್ನೆರಡು ತಿಂಗಳೂ ಇರುತ್ತದೆ. ಗೂಡಿನ ಕಾಲ ತಪ್ಪಿಸಿ ಚಳಿಗಾಲಕ್ಕೆ ತಳ್ಳಿದ ಕೆಲಸ ಅದರ ಪಾಲಿಗೆ ವರ್ಷದ ಕಠಿಣ ತಿಂಗಳುಗಳಲ್ಲೇ ಬೀಳುತ್ತದೆ. ನೀರು 10 ಡಿಗ್ರಿಗೆ ಇಳಿದರೆ ಆಮೆ ಮರಗಟ್ಟಿ ತೇಲತೊಡಗುತ್ತದೆ. 2010ರ ಜನವರಿಯ ಚಳಿಯಲ್ಲಿ ಫ್ಲಾರಿಡಾದಲ್ಲಿ ಹಾಗೆ ಸಿಕ್ಕವು ನಾಲ್ಕೂವರೆ ಸಾವಿರ ದಾಟಿದವು, ಹೆಚ್ಚಿನವು ಎಳೆಯ ಹಸಿರು ಆಮೆಗಳು. ಅಮೆರಿಕದಲ್ಲಿ 1977ರಿಂದ ದಡದ ಮೇಲಿನ ಆಮೆ ಒಂದು ಇಲಾಖೆಗೆ, ನೀರಿನೊಳಗಿನ ಆಮೆ ಇನ್ನೊಂದಕ್ಕೆ. ಕಾಲಮಿತಿ ಬರೆದದ್ದು ದಡದ ಲೆಕ್ಕದಲ್ಲಿ. ನೀರಿನ ಕಡೆಯಿಂದ ಬೇಕಾಗಿರುವುದು ಕ್ಯಾಲೆಂಡರಲ್ಲ, ಒಂದು ಥರ್ಮಾಮೀಟರ್ ನಿಯಮ: ನೀರು ಇಂತಿಷ್ಟು ತಣ್ಣಗಾದರೆ, ರಾಡಿ ಎಬ್ಬಿಸುವ ಕೆಲಸ ಅಷ್ಟು ದಿನ ನಿಲ್ಲಲಿ.

ಎಣಿಕೆಯಲ್ಲಿ ಎಡವುವುದು

ಮರಳು ಹಾಕುವ ಮೊದಲೂ ಆಮೇಲೂ ದೋಣಿಯಿಂದ ಆಮೆ ಎಣಿಸುತ್ತಾರೆ. ಇಲ್ಲಿ ಎರಡು ತೊಡಕುಗಳಿವೆ. ರಾಡಿ ಹೆಚ್ಚಾದಾಗ ಆಮೆ ಕಡಿಮೆ ಕಾಣುತ್ತದೆ. ಆಮೆ ಹೋಯಿತೋ, ಕಣ್ಣು ಹೋಯಿತೋ ಹೇಳುವಂತಿಲ್ಲ. ಪ್ರತಿ ಸುತ್ತಿನಲ್ಲೂ ಬಿಳಿ ತಟ್ಟೆ ಇಳಿಬಿಟ್ಟು ನೀರು ಎಷ್ಟು ಆಳ ತಿಳಿಯಾಗಿದೆ ಎಂದು ಬರೆದಿಡಬೇಕು, ನಿಗದಿತ ಮಟ್ಟಕ್ಕಿಂತ ಮಬ್ಬಾದ ದಿನದ ಎಣಿಕೆ ಬಿಡಬೇಕು. ಎರಡನೆಯದು ಇದಕ್ಕೆ ತದ್ವಿರುದ್ಧ: ಅರ್ಧ ಬಂಡೆ ಮುಚ್ಚಿದಾಗ ಉಳಿದರ್ಧಕ್ಕೆ ಎಲ್ಲ ಆಮೆಗಳೂ ನುಗ್ಗಿ, ಅಲ್ಲಿ ಕಿಲೋಮೀಟರಿಗೆ ಸಿಗುವ ಸಂಖ್ಯೆ ಏರುತ್ತದೆ. ವರದಿಯಲ್ಲಿ ಅದು ‘ಹೆಚ್ಚಳ’ ಎಂದು ಬರುತ್ತದೆ. ಇದನ್ನು ಹಿಡಿಯಲು ಎಣಿಕೆಯ ಜೊತೆ ಚೌಕಟ್ಟು ಇಟ್ಟು ಪಾಚಿಯ ಅಳತೆ, ಕೆಲವು ಆಮೆಗಳನ್ನು ಹಿಡಿದು ತೂಕ–ಉದ್ದದ ಅನುಪಾತ, ಮತ್ತು ಮರಳು ಹಾಕದ ಇನ್ನೊಂದು ಬಂಡೆಯಲ್ಲಿ ಅದೇ ದಿನಗಳ ಎಣಿಕೆ ಬೇಕು. ಮೇವು ಸಾಲದ ಆಮೆ ಮೊದಲು ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ.

ನಮ್ಮ ಕರಾವಳಿಗೆ ಇದನ್ನು ಹಾಗೆಯೇ ಎತ್ತಿ ತರಲಾಗದು. ಹೊನ್ನಾವರ, ಕಾರವಾರದ ದಡದಲ್ಲಿ ಮೊಟ್ಟೆಯಿಡುವುದು ಆಲಿವ್ ರಿಡ್ಲಿ. ಅದರ ಎಳೆಯವು ತೀರದ ಬಂಡೆಗೆ ಹೀಗೆ ಅಂಟಿಕೊಂಡು ಪಾಚಿ ಮೇಯುವವಲ್ಲ. ಆದರೆ ಉಳ್ಳಾಲದಂತೆ ಸಮುದ್ರದೊಳಗೆ ರೀಫ್ ಕಟ್ಟಿ, ದಡಕ್ಕೆ ಮರಳು ಕೊಡುವ ಯೋಜನೆ ಕೈಗೊಂಡಾಗ ಕಣದ ಗಾತ್ರ, ಅಂತಿಮ ಪಾದದ ಗೆರೆ, ಗೆರೆಯೊಳಗಿನ ಬಂಡೆ ಎಂಬ ಮೂರು ಪ್ರಶ್ನೆಗಳು ಅಲ್ಲಿಗೂ ಅನ್ವಯ. ಕಲ್ಲುಬಂಡೆಯ ತೀರದಲ್ಲಿ ಆಮೆ ಇಲ್ಲದಿದ್ದರೂ ನೀಲಿಕಲ್ಲು (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಆರಿಸುವವರಿದ್ದಾರೆ.

ಮಿಡ್-ರೀಚ್‌ಗೆ 2022ರ ನವೆಂಬರ್ 10ರಂದು ನಿಕೋಲ್ ಚಂಡಮಾರುತ ಬಡಿಯಿತು. ಇಂಥ ಹೊಡೆತದ ಬೆನ್ನಿಗೆ ಬರುವ ಮರಳು ತುರ್ತಿನದು, ಅವಸರದ್ದು. ದಿಬ್ಬ ಕೊಚ್ಚಿಹೋದ ವಾರವೇ ಕಡಲತಳದಲ್ಲಿ ಅದುವರೆಗೆ ಮುಚ್ಚಿದ್ದ ಬಂಡೆ ಹೊಸದಾಗಿ ತೆರೆದುಕೊಂಡಿರುತ್ತದೆ. ಹಳೆಯ ನಕ್ಷೆಯಲ್ಲಿ ಅದು ಬರೀ ಮರಳು. ಆದ್ದರಿಂದ ಮೊದಲ ಟಿಪ್ಪರ್ ಅಂಗಳದಿಂದ ಹೊರಡುವ ಮೊದಲು, ನೀರು ತಿಳಿಯಾದ ಮೊದಲ ಇಳಿತದಲ್ಲಿ, ಬಂಡೆಯ ಅಂಚನ್ನು ಹೊಸದಾಗಿ ನಕ್ಷೆಗೆ ಏರಿಸಿ, ಅಂತಿಮ ಪಾದದ ಗೆರೆಯನ್ನು ಅದರ ಮೇಲೆ ಮತ್ತೆ ಎಳೆಯಬೇಕು. ಡ್ರೋನ್ ಇದ್ದರೆ 12 ಕಿ.ಮೀ.ಗೆ ಇದು ಒಂದೆರಡು ಬೆಳಗಿನ ಕೆಲಸ.